ಹಾರ್ನೆಸ್, ಸ್ವಿಚ್ ಪ್ಯಾನೆಲ್, ಫ್ಯೂಸ್ ಬ್ಲಾಕ್: ಮೂರನ್ನೂ ಹಾಕಿ ನೋಡಿದ ಮೇಲೆ

ಗಾಡಿಗೆ ಹೆಚ್ಚುವರಿ ಲೈಟು, ಕಂಪ್ರೆಸರು ಹಾಕಿಕೊಂಡರೆ ಬ್ಯಾಟರಿಯಿಂದ ಅವಕ್ಕೆ ಕರೆಂಟ್ ಕೊಡಲು ನಾನು ನೋಡಿದ ದಾರಿ ಈ ಮೂರು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ಯೂಸ್ ಬ್ಲಾಕ್ (ಒಂದೊಂದು ಸಾಮಾನಿಗೆ ಒಂದೊಂದು ಫ್ಯೂಸ್ ಕೂರಿಸುವ ಡಬ್ಬಿ) ಮತ್ತು ಬಿಡಿ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್ಚು). ಅದನ್ನು ಕೂರಿಸಿ ಎರಡು ಮಳೆಗಾಲ ಕಳೆದಿದೆ, ಬಾನೆಟ್ ಎತ್ತಿ ಬೈದುಕೊಂಡಿದ್ದು ಒಂದೇ ಸಲ. ಅದಕ್ಕೆ ಮುಂಚೆ ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ಹಾರ್ನೆಸ್ (ಜೋಡಿಸಿಯೇ ಬರುವ ವೈರಿನ ಕಟ್ಟು) ಹಾಕಿಕೊಂಡು ಒಂದು ವರ್ಷ ಒದ್ದಾಡಿದ್ದೇನೆ. ಭಾವನ ಥಾರ್‌ಗೆ ಎಂಟು ಬಟನ್ನಿನ ಸ್ವಿಚ್ ಪ್ಯಾನೆಲ್ ಕೂರಿಸುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೂ ನಾನೇ. ಹಾಗಾಗಿ ಮೂರರ ಬಗ್ಗೆಯೂ ಮಾತಾಡಬಹುದು ಅಂದುಕೊಂಡಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಬೊಲೆರೊ ಕ್ಯಾಂಪರ್, ಫೋರ್ ವೀಲ್ ಡ್ರೈವ್. ವಾರದಲ್ಲಿ ಐದು ದಿನ ಸಕಲೇಶಪುರದ ಕಡೆ ತೋಟಕ್ಕೆ ಗೊಬ್ಬರ, ಡೀಸೆಲ್, ಆಳುಗಳ ಊಟ ಹೊರುತ್ತದೆ. ಬಿಡುವು ಸಿಕ್ಕರೆ ಗೆಳೆಯರ ಗಾಡಿಗಳ ಜೊತೆ ಕೆಸರಿಗೆ ಇಳಿಯುತ್ತದೆ. ಬಂಪರ್ ಮೇಲೆ 55 ವ್ಯಾಟಿನ ಎರಡು ಹಳದಿ ಹ್ಯಾಲೊಜನ್ ಲೈಟು, ತಲೆ ಮೇಲೆ 120 ವ್ಯಾಟಿನ ಎಲ್‌ಇಡಿ ಬಾರು, ಹಿಂದೆ ಎರಡು ಸಣ್ಣ ವರ್ಕ್ ಲೈಟು, ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರು, ಒಂದು ಮೊಬೈಲ್ ಚಾರ್ಜರು. ಇಷ್ಟೇ. ಈ ಕಾಲದಲ್ಲೂ ಹ್ಯಾಲೊಜನ್ ಯಾಕೆ ಅಂತ ಕೇಳಬೇಡಿ, ಘಾಟಿಯ ಮಂಜಿನಲ್ಲಿ ಬಿಳಿ ಎಲ್‌ಇಡಿ ಹಾಕಿದರೆ ಎದುರಿಗೆ ಪಂಚೆ ಒಣಗಿಹಾಕಿದ ಹಾಗೆ ಕಾಣುತ್ತದೆ. ಕೆಸರಲ್ಲಿ ಹೂತ ಗಾಡಿ ಎಳೆಯುವ ವಿಂಚ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಎಳೆಯುವಾಗ ನೂರಾರು ಆಂಪ್ಸ್ ಕುಡಿಯುತ್ತದೆ, ಅದಕ್ಕೆ ಬ್ಯಾಟರಿಯಿಂದ ನೇರ ದಪ್ಪ ಕೇಬಲ್ಲು ಬೇಕು.

ಹಾರ್ನೆಸ್ ಕಥೆ ಕೇಳಿ. 750 ರೂಪಾಯಿ. ರಿಲೇ, ಫ್ಯೂಸು, ಸ್ವಿಚ್ಚು, ಎರಡು ಲೈಟಿನ ಕನೆಕ್ಟರು, ಎಲ್ಲ ಸೇರಿಸಿಯೇ ಬರುತ್ತದೆ. ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಶುರು ಮಾಡಿದೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಲೈಟು ಉರಿಯಿತು. ಆವತ್ತು ಯಾರಾದರೂ ಕೇಳಿದ್ದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತಿದ್ದೆ.

ಆಗಸ್ಟ್ ಮಳೆಯಲ್ಲಿ ಬಿಸಿಲೆ ಘಾಟಿಯಿಂದ ವಾಪಸ್ ಬರುವಾಗ ರಿಲೇ ಕಟಕಟ ಅನ್ನತೊಡಗಿತು, ಲೈಟು ಬಡಬಡಿಸಿ ಸತ್ತೇಹೋಯಿತು. ಬಿಚ್ಚಿ ನೋಡಿದರೆ ಒಳಗೆ ನೀರು, ಕಾಂಟ್ಯಾಕ್ಟ್ ಕಪ್ಪಾಗಿದೆ. ಮಾರನೆ ದಿನ ಪೇಟೆಯ ಅಂಗಡಿಯಲ್ಲಿ ಅದೇ ಸೈಜಿನ ಐದು ಪಿನ್ನಿನ ರಿಲೇ ತಂದು ಅದೇ ಸಾಕೆಟ್ಟಿಗೆ ಒತ್ತಿದೆ. ಟಕ್ ಅಂತ ಕೂತಿತು. ಸ್ವಿಚ್ ಹಾಕಿದೆ, ಬಲಗಡೆ ಲೈಟು ಉರಿಯಿತು. ಎಡಗಡೆಯದು ಬಲ್ಬ್ ಹೋಗಿರಬೇಕು ಅಂದುಕೊಂಡು ಸ್ವಿಚ್ ಆಫ್ ಮಾಡಿ ತೋಟಕ್ಕೆ ಹೋದೆ. ಹಾಡಹಗಲು, ಬಿಸಿಲು ಬೇರೆ, ಏನೂ ಗೊತ್ತಾಗಲಿಲ್ಲ. ಸಂಜೆ ಗಾಡಿ ಅಂಗಳದಲ್ಲಿ ನಿಲ್ಲಿಸಿ ಕೀ ತೆಗೆದು ಒಳಗೆ ಹೋದರೆ ಪಕ್ಕದ ತೋಟದ ಹುಡುಗ ಬಾಗಿಲಿಗೆ ಬಂದು, "ಮಾವ, ನಿಮ್ಮ ಗಾಡಿ ಕಣ್ಣು ಹೊಡೀತಾ ಇದೆ" ಅಂದ.

ಹೌದು, ಎಡಗಡೆ ಲೈಟು ಉರಿಯುತ್ತಿದೆ. ಸ್ವಿಚ್ ಹಾಕಿದರೆ ಎಡ ಆರಿ ಬಲ ಹತ್ತುತ್ತದೆ. ತೆಗೆದರೆ ಬಲ ಆರಿ ಎಡ ಹತ್ತುತ್ತದೆ. ಎರಡೂ ಒಟ್ಟಿಗೆ ಆರುವುದೂ ಇಲ್ಲ, ಒಟ್ಟಿಗೆ ಹತ್ತುವುದೂ ಇಲ್ಲ. ಕೀ ಜೇಬಿನಲ್ಲಿದ್ದರೂ ಉರಿಯುತ್ತಲೇ ಇದೆ. ಹುಡುಗನಿಗೆ ಖುಷಿಯೋ ಖುಷಿ, ಇನ್ನೊಂದು ಸಲ ಮಾಡಿ ಅಂತಾನೆ. ನಾನು ರಾತ್ರಿ ಒಂಬತ್ತರ ತನಕ ಸ್ವಿಚ್ ಬಿಚ್ಚಿದೆ, ಅರ್ತ್ (ಗಾಡಿಯ ಬಾಡಿಗೆ ಬಿಗಿಯುವ ವೈರ್) ಬಿಚ್ಚಿದೆ, ಬಲ್ಬ್ ಅದಲುಬದಲು ಮಾಡಿದೆ. ಕೊನೆಗೆ ಫ್ಯೂಸ್ ಕಿತ್ತು ಮಲಗಿದೆ. ಕೀಳದಿದ್ದರೆ ಒಂದು ಲೈಟು ನಾಲ್ಕೂವರೆ ಆಂಪ್ಸ್, ಹತ್ತು ಗಂಟೆ ಉರಿದರೆ ಬ್ಯಾಟರಿಯಿಂದ 45 ಆಂಪಿಯರ್ ಅವರ್ ಖಾಲಿ, ಬೆಳಿಗ್ಗೆ ಗಾಡಿ ತಳ್ಳಬೇಕಿತ್ತು.

ತಪ್ಪು ಎಲ್ಲಿತ್ತು ಅಂದರೆ ರಿಲೇಯ ನಡುವಿನ, ಐದನೆಯ ಪಿನ್ನಿನಲ್ಲಿ. ರಿಲೇಯ ಒಂದೊಂದು ಪಿನ್ನಿಗೂ ಒಂದೊಂದು ನಂಬರು: 85, 86 ಕಾಯಿಲ್ಲಿಗೆ (ಕರೆಂಟ್ ಬಂದಾಗ ಒಳಗಿನ ಸ್ವಿಚ್ಚನ್ನು ಎಳೆಯುವ ಅಯಸ್ಕಾಂತ), 30ಕ್ಕೆ ಬ್ಯಾಟರಿ, 87ರಿಂದ ಲೈಟಿಗೆ. ಇಷ್ಟು ಎಲ್ಲರಿಗೂ ಗೊತ್ತು. ಐದನೆಯ ಪಿನ್ನಿನದೇ ಗಲಾಟೆ. ಕೆಲವು ರಿಲೇಗಳಲ್ಲಿ ಅದೂ ಇನ್ನೊಂದು 87 ಆಗಿರುತ್ತದೆ, ಕಾಯಿಲ್ ಎಳೆದಾಗ ಎರಡಕ್ಕೂ ಒಟ್ಟಿಗೆ ಕರೆಂಟ್ ಬರುತ್ತದೆ. ಬೇರೆ ರಿಲೇಗಳಲ್ಲಿ ಅದೇ ಜಾಗದಲ್ಲಿ 87ಎ ಇರುತ್ತದೆ, ಅದಕ್ಕೆ ಕಾಯಿಲ್ ಸುಮ್ನೆ ಇರುವಾಗ ಕರೆಂಟ್, ಎಳೆದಾಗ ಇಲ್ಲ. ಹೊರಗಿನಿಂದ ಎರಡೂ ಒಂದೇ ತಾಯಿಯ ಮಕ್ಕಳು. ಡಬ್ಬಿಯ ಬಣ್ಣ, ಅಳತೆ, ಪಿನ್ನಿನ ಜಾಗ ಯಾವುದರಲ್ಲೂ ವ್ಯತ್ಯಾಸ ಇಲ್ಲ. ಪಿನ್ನಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ನನಗೆ ಕನ್ನಡಕ ಹಾಕಿದರೂ ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿಯೇ ಓದಬೇಕಾಯಿತು. ಹಾರ್ನೆಸ್ಸಿನವರು ಎರಡು 87 ಪಿನ್ ಇರುವ ರಿಲೇ ಇಟ್ಟು ಒಂದೊಂದು ಪಿನ್ನಿಗೆ ಒಂದೊಂದು ಲೈಟು ಕೊಟ್ಟಿದ್ದರು. ನಾನು ತಂದಿದ್ದು 87ಎ ಇರುವುದು. ಅಂಗಡಿಯವನದೇನೂ ತಪ್ಪಿಲ್ಲ, ಐದು ಪಿನ್ನಿನದು ಕೊಡಿ ಅಂದಿದ್ದೆ, ಕೊಟ್ಟ.

ಸರಿ, ಎರಡು 87ರದ್ದೇ ತರೋಣ ಅಂದರೆ ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದರೂ ಸಿಗಲಿಲ್ಲ. ಎರಡೂ ಲೈಟಿನ ವೈರನ್ನು ಒಂದೇ 87ಕ್ಕೆ ಸೇರಿಸೋಣ ಅಂದರೆ ಹಾರ್ನೆಸ್ಸಿನ ಸಾಕೆಟ್ಟಿಗೆ ಹಿಂದಿನಿಂದ ಪ್ಲಾಸ್ಟಿಕ್ ಕರಗಿಸಿ ಸುರಿದುಬಿಟ್ಟಿದ್ದಾರೆ, ಪಿನ್ ಹೊರಗೆ ಬರುವುದೇ ಇಲ್ಲ. ವೈರ್ ಕತ್ತರಿಸಿದೆ. ಆಗ ಎರಡನೆಯ ಸಂಗತಿ ಗೊತ್ತಾಯಿತು. ಚಾಕುವಿನಲ್ಲಿ ಎಳೆ ಕೆರೆದರೆ ಕೆಂಪು ಹೋಗಿ ಒಳಗೆ ಬೆಳ್ಳಗೆ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಅದು, ಅದೂ ತೆಳ್ಳಗಿನದು, ಅದಕ್ಕೆ 30 ಆಂಪ್ಸ್ ಫ್ಯೂಸು! ಫ್ಯೂಸ್ ಹಾಕುವುದು ವೈರ್ ಕಾಯೋಕೆ. ವೈರೇ ಮೊದಲು ಬೇಯುವಂತಿದ್ದರೆ ಆ ಹಸಿರು ಫ್ಯೂಸ್ ಅಲ್ಲಿ ಕೂತು ಏನು ಮಾಡುತ್ತದೆ? ಮೀಟರ್ ಹಿಡಿದು ನೋಡಿದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಲೈಟಿನ ಹತ್ತಿರ 11.9. ದಾರಿಯಲ್ಲೇ ಎರಡು ವೋಲ್ಟ್ ಮಾಯ. ಒಂದು ವರ್ಷ ಈ ಬಲ್ಬ್ ಮಂಕು ಅಂತ ಬಲ್ಬನ್ನೇ ಬೈದಿದ್ದೆ ಪಾಪ.

ಪ್ಯಾನೆಲ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ನೋಡಲು ಅದೇ ಚೆಂದ. ಬಾನೆಟ್ ಒಳಗೆ ಒಂದು ಡಬ್ಬಿ, ಅದರಲ್ಲೇ ಫ್ಯೂಸ್, ರಿಲೇ ಎಲ್ಲ, ಕ್ಯಾಬಿನ್ನಿಗೆ ಒಂದೇ ಒಂದು ಕೇಬಲ್ಲು. ಭಾವನಿಗೆ ಒಂಬತ್ತು ಸಾವಿರ ಆಯಿತು. ಅವರು ಬೆಂಗಳೂರಿಗೆ ಹೋದರೆ ಮೂರು ವಾರ ಥಾರ್ ಶೆಡ್ಡಿನಲ್ಲೇ ಇರುತ್ತದೆ. ಒಂದು ಸಲ ಬಂದು ನೋಡಿದರೆ ಬ್ಯಾಟರಿ ಸತ್ತಿದೆ. ಮೀಟರ್ ಹಾಕಿದಾಗ ಎಲ್ಲ ಆಫ್ ಇದ್ದರೂ 70 ಮಿಲಿ ಆಂಪ್ಸ್ ಹೋಗುತ್ತಿತ್ತು. ಕೇಳಲು ಸಣ್ಣದು, ಮೂರು ವಾರಕ್ಕೆ 35 ಆಂಪಿಯರ್ ಅವರ್. ನಿಜ ಹೇಳಬೇಕು ಅಂದರೆ ಇದು ಪ್ಯಾನೆಲ್ಲಿನ ತಪ್ಪಲ್ಲ, ಇಗ್ನಿಷನ್ನಿಗೆ (ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ) ಕೊಡಬೇಕಾದ ಸಣ್ಣ ವೈರನ್ನು ನಾವಿಬ್ಬರು ಸೇರಿ ನೇರ ಬ್ಯಾಟರಿಗೆ ಕೊಟ್ಟಿದ್ದೆವು. ಬದಲಾಯಿಸಿದ ಮೇಲೆ ಸರಿಹೋಯಿತು. ಆದರೂ ನನಗೆ ಬೇಡ. ಒಳಗಿನದೆಲ್ಲ ಬೋರ್ಡಿಗೆ ಬೆಸುಗೆ ಹಾಕಿದ್ದು, ಒಂದು ಲೈನ್ ಹೋದರೆ ಡಬ್ಬಿಯನ್ನೇ ಕೊರಿಯರ್ ಮಾಡಬೇಕು.

ಈಗ ನನ್ನದು. ಒಂದು ದಿನ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹನ್ನೆರಡು ದಾರಿಯ ಫ್ಯೂಸ್ ಬ್ಲಾಕ್, ನಾಲ್ಕು ರಿಲೇ, ಒಂದಕ್ಕೊಂದು ಸಿಕ್ಕಿಸುವ ಸಾಕೆಟ್, 2.5 ಚದರ ಮಿಲಿಮೀಟರಿನ ತಾಮ್ರದ ಆಟೋ ವೈರ್, ಲಗ್ಗು, ಸ್ಲೀವು, ಎಲ್ಲ ತಂದೆ. ಸುಮಾರು 4,200 ರೂಪಾಯಿ. ಅದರಲ್ಲಿ 900 ಬರೀ ಕ್ರಿಂಪಿಂಗ್ ಪ್ಲೈಯರಿಗೆ, ಅಂದರೆ ವೈರಿನ ತುದಿಗೆ ಲಗ್ಗನ್ನು ಒತ್ತಿ ಕೂರಿಸುವ ಇಕ್ಕಳಕ್ಕೆ. ಹಲ್ಲಿನಲ್ಲಿ ಕಚ್ಚಿ, ಕಟಿಂಗ್ ಪ್ಲೈಯರಿನಲ್ಲಿ ಒತ್ತಿ ಮಾಡಿದ ಜೋಡಣೆ ಈ ದಾರಿಯ ಕುಲುಕಾಟಕ್ಕೆ ತಡೆಯುವುದಿಲ್ಲ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 60 ಆಂಪ್ಸ್ ಮೇನ್ ಫ್ಯೂಸ್, ಅಲ್ಲಿಂದ ದಪ್ಪ ಕೇಬಲ್ ಬ್ಲಾಕಿಗೆ, ಅಲ್ಲಿಂದ ಒಂದೊಂದಕ್ಕೆ ಒಂದೊಂದು ಫ್ಯೂಸು. ಎಲ್‌ಇಡಿ ಬಾರಿಗೂ ಹ್ಯಾಲೊಜನ್ನಿಗೂ ನೀಲಿ 15 ಆಂಪ್ಸ್, ವರ್ಕ್ ಲೈಟಿಗೆ ಕಂದು ಏಳೂವರೆ. ಕಾಯಿಲ್ಲಿನ ಕರೆಂಟ್ ಮಾತ್ರ ಇಗ್ನಿಷನ್ ಲೈನಿನಿಂದ. ಕೀ ತೆಗೆದರೆ ಏನೂ ಉರಿಯುವುದಿಲ್ಲ, ಕಣ್ಣು ಹೊಡೆಯುವುದಂತೂ ಇಲ್ಲ.

ನನಗೆ ತುಂಬಾ ಸಮಾಧಾನ ಕೊಟ್ಟ ಕೆಲಸ ಇದು: ಯಾವ ಸಾಕೆಟ್ಟಿನಲ್ಲೂ ನಡುವಿನ ಪಿನ್ನಿಗೆ ನಾನು ವೈರೇ ಹಾಕಿಲ್ಲ. ಆ ತೂತು ಖಾಲಿ. ಎರಡು ಲೈಟೂ ಒಂದೇ 87ಕ್ಕೆ. ಈಗ ಯಾವ ಊರಿನ ಯಾವ ಅಂಗಡಿಯವನು ನಾಲ್ಕು ಪಿನ್ನಿನದು ಕೊಡಲಿ, 87ಎ ಇರುವುದು ಕೊಡಲಿ, ಎರಡು 87ರದ್ದೇ ಕೊಡಲಿ, ಒತ್ತಿದರೆ ನಡೆಯುತ್ತದೆ. 86ಕ್ಕೆ ಯಾವಾಗಲೂ ಪ್ಲಸ್, 85ಕ್ಕೆ ಅರ್ತ್. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಸಿಕ್ಕರೂ ಉಲ್ಟಾ ಆಗಿ ಫ್ಯೂಸ್ ಹಾರುವುದಿಲ್ಲ. ಸಾಕೆಟ್ಟುಗಳನ್ನು ಪಿನ್ ಕೆಳಗೆ ಬರುವ ಹಾಗೆ ಕೂರಿಸಿದ್ದೇನೆ, ನೀರು ನಿಲ್ಲಬಾರದಲ್ವಾ. ಲೈಟಿನ ಹತ್ತಿರ ಈಗ 13.5 ವೋಲ್ಟ್. ಅದೇ ಹಳೆ ಬಲ್ಬು.

ಆ ಬೈದುಕೊಂಡ ಒಂದು ಸಲ? ಕಂಪ್ರೆಸರ್ ಹಾಕಿದರೆ ಬೇರೆ ಲೈಟೆಲ್ಲ ಮಂಕಾಗುತ್ತಿತ್ತು. ಅರ್ತ್ ಬೋಲ್ಟನ್ನು ಪೇಂಟ್ ಕೆರೆಯದೆ ಅದರ ಮೇಲೇ ಬಿಗಿದಿದ್ದೆ. ಪೂರ್ತಿ ನನ್ನ ಸೋಮಾರಿತನ.

ಒಂದೇ ಜೊತೆ ಲೈಟು, ಬೇರೆ ಏನೂ ಹಾಕಿಸುವುದಿಲ್ಲ, ಪೇಟೆ ಬಿಟ್ಟು ಹೋಗುವುದೂ ಇಲ್ಲ ಅನ್ನುವವರು ಹಾರ್ನೆಸ್ಸೇ ತೆಗೆದುಕೊಳ್ಳಿ. ವೈರ್ ಕೆರೆದು ನೋಡಿ, ಫ್ಯೂಸ್ 15ಕ್ಕೆ ಇಳಿಸಿ. ಬಜೆಟ್ ಇದೆ, ಬಾನೆಟ್ ಒಳಗೆ ಕೈ ಹಾಕಲು ಇಷ್ಟವಿಲ್ಲ ಅಂದರೆ ಪ್ಯಾನೆಲ್. ನನ್ನ ಹಾಗೆ ವರ್ಷಕ್ಕೊಂದು ಹೊಸ ಸಾಮಾನು ಸಿಕ್ಕಿಸುವ ಚಟ ಇದ್ದರೆ ಬ್ಲಾಕೇ ಸರಿ, ನನ್ನದರಲ್ಲಿ ಇನ್ನೂ ಏಳು ಜಾಗ ಖಾಲಿ ಇದೆ.

ಭಾವ ಮಾತ್ರ ಪ್ಯಾನೆಲ್ಲೇ ಚೆಂದ ಅಂತಾರೆ. ಕತ್ತಲಲ್ಲಿ ಅವರ ಬಟನ್ನುಗಳು ನೀಲಿಯಾಗಿ ಹೊಳೆಯುತ್ತವೆ, ನನ್ನ ಸ್ವಿಚ್ಚು ಎಲ್ಲಿದೆ ಅಂತ ಕೈಯಲ್ಲಿ ತಡಕಬೇಕು. ಅದೊಂದನ್ನು ಒಪ್ಪಿಕೊಳ್ಳುತ್ತೇನೆ.