ಹಳೇ ಕ್ಯಾಂಪರ್, ಹಳೇ ವಿ-ಕ್ರಾಸ್: ತೋಟಕ್ಕೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಹೀಂದ್ರ ಬೊಲೆರೊ ಕ್ಯಾಂಪರ್ ಪಿಕಪ್‌ಗೆ. ಅದರಲ್ಲೂ ಹಳೇ ಡಿಐ ಎಂಜಿನ್ನಿನ (ಕಾಮನ್ ರೈಲ್ ಅಲ್ಲದ, ಸಾದಾ ಪಂಪು-ನಾಝಲ್ ಇರುವ), ಫೋರ್ ವೀಲ್ ಡ್ರೈವ್ ಇರುವ ಕ್ಯಾಂಪರ್‌ಗೆ. ಸೆಕೆಂಡ್ ಹ್ಯಾಂಡ್ ತಗೊಂಡು ತೋಟದಲ್ಲಿ ದುಡಿಸುತ್ತಿದ್ದೇನೆ. ಅದರ ಪಕ್ಕದಲ್ಲಿಟ್ಟು ನೋಡುತ್ತಿರುವುದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, 2.5 ಲೀಟರ್ ಎಂಜಿನ್ನಿನದು. ಅದು ನಮ್ಮ ದೊಡ್ಡಪ್ಪನ ಮಗ ತಗೊಂಡಿದ್ದು, ಅದೂ ಸೆಕೆಂಡ್ ಹ್ಯಾಂಡ್. ಅಣ್ಣ ಇರುವುದು ಬೆಂಗಳೂರಿನಲ್ಲಿ. ಗಾಡಿ ಎಷ್ಟೋ ತಿಂಗಳು ನಮ್ಮ ಶೆಡ್‌ನಲ್ಲೇ ಇರುತ್ತದೆ, ಆಗೆಲ್ಲ ಓಡಿಸುವವನು ನಾನೇ. ಹಾಗಾಗಿ ಕೊಯ್ಲು, ಮಳೆಗಾಲ, ಘಟ್ಟ ಎಲ್ಲದರಲ್ಲೂ ಎರಡನ್ನೂ ನೋಡಿದ್ದಾಗಿದೆ.

ನಮಗೆ ಗಾಡಿ ಯಾಕೆ ಬೇಕು ಅನ್ನುವುದನ್ನೂ ಹೇಳಬೇಕು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಬರುವಾಗ ಡಾಂಬರು ಬಿಟ್ಟು ಒಳಗೆ ತಿರುಗಿದರೆ ನಮ್ಮ ಕಾಫಿ ತೋಟ. ಒಂದು ಹಳ್ಳ ದಾಟಬೇಕು, ಆಮೇಲೆ ಕೆಂಪು ಮಣ್ಣಿನ ಏರು. ಡಿಸೆಂಬರ್ ಬಂತೆಂದರೆ ಹಣ್ಣು ಕಣಕ್ಕೆ ಸಾಗಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿನ ನೀರಿಗೆ (ಗಿಡ ಹೂ ಬಿಡಲಿ ಅಂತ ಕೊಡುವ ನೀರು) ಸ್ಪ್ರಿಂಕ್ಲರ್ ಪೈಪು, ಪಂಪ್‌ಸೆಟ್ಟಿಗೆ ಡೀಸೆಲ್. ಮಳೆಗೆ ಮುಂಚೆ ಗೊಬ್ಬರ. ಆರಿದ್ರಾ ಮಳೆ ಹಿಡಿಯಿತೆಂದರೆ ಆ ಏರಿನಲ್ಲಿ ಟೂ ವೀಲ್ ಡ್ರೈವ್ ಗಾಡಿಯ ಚಕ್ರ ನಿಂತಲ್ಲೇ ತಿರುಗುತ್ತದೆ, ಗಾಡಿ ಮೇಲೆ ಹೋಗಲ್ಲ. ನನ್ನ ಬಜೆಟ್ ಐದು ಲಕ್ಷ. ತಂದ ಮೇಲೆ ಮಾಡಿಸುವ ಕೆಲಸವೂ ಅದರೊಳಗೇ ಮುಗಿಯಬೇಕಿತ್ತು.

ಓಡಿಸುವ ಖುಷಿಯಲ್ಲಿ ವಿ-ಕ್ರಾಸ್ ಎಷ್ಟೋ ಮುಂದೆ. ಎಂಜಿನ್ನಿಗೆ 134 ಕುದುರೆಶಕ್ತಿ, 320 ಎನ್‌ಎಂ ಟಾರ್ಕ್ ಇದೆ. ಚಾರ್ಮಾಡಿ ಘಾಟಿ ಹತ್ತುವಾಗ ಮುಂದೆ ನಿಧಾನದ ಗಾಡಿ ಸಿಕ್ಕರೆ ಗೇರ್ ಇಳಿಸಿ ಸಲೀಸಾಗಿ ದಾಟಬಹುದು. ಕ್ಯಾಂಪರ್‌ನ 2523 ಸಿಸಿ ಎಂಜಿನ್ನಿಗೆ ಅದರ ಅರ್ಧದಷ್ಟೂ ಶಕ್ತಿ ಇಲ್ಲ. ಅದರಲ್ಲಿ ಸುಮ್ನೆ ಹಿಂದೆ ಹೋಗುತ್ತಿರಬೇಕು. ಹಾಸನ ದಾಟಿ ಬೆಂಗಳೂರಿನ ದಾರಿ ಹಿಡಿದರಂತೂ ಹೋಲಿಸುವ ಮಾತೇ ಇಲ್ಲ. ಕ್ಯಾಂಪರ್‌ನಲ್ಲಿ ಎಂಜಿನ್ ಸದ್ದಿಗೆ ಪಕ್ಕದವರ ಮಾತು ಕೇಳಿಸಲ್ಲ, ಹಿಂದಿನ ಸೀಟಿನವರ ಬೆನ್ನು ನೋಯುತ್ತದೆ.

ಎಸಿ ಎರಡರಲ್ಲೂ ನನಗೆ ಬೇಡ. ಮೂಡಿಗೆರೆಯಲ್ಲಿ ಕಿಟಕಿ ಇಳಿಸಿದರೆ ಸಾಕು.

ಉದ್ದ ಮಾತ್ರ ನಮ್ಮ ಕಡೆ ನಿಜವಾದ ತೊಂದರೆ. ವಿ-ಕ್ರಾಸ್ ಸುಮಾರು 5.3 ಮೀಟರ್ ಇದೆ. ತೋಟದ ರಸ್ತೆಗಳು ಜೀಪಿನ ಕಾಲದವು, ತಿರುವುಗಳೂ ಅದೇ ಅಳತೆಯವು. ಆಳುಗಳ ಲೈನ್ ಮನೆ ಹತ್ತಿರದ ತಿರುವಿನಲ್ಲಿ ಕ್ಯಾಂಪರ್ ಒಂದು ಸಲ ಹಿಂದೆ ತಗೊಂಡರೆ ತಿರುಗುತ್ತದೆ. ವಿ-ಕ್ರಾಸ್‌ನಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ. ಒಂದು ಕಡೆ ಸಿಲ್ವರ್ ಓಕ್ ಮರ, ಇನ್ನೊಂದು ಕಡೆ ಚರಂಡಿ. ಮಳೆಯಲ್ಲಿ ಹಿಂದೆ ಒಬ್ಬರು ನಿಂತು ಕೈ ತೋರಿಸಲೇಬೇಕು.

ಇಷ್ಟಾದರೂ ದುಡ್ಡು ಇದ್ದಿದ್ದರೆ ವಿ-ಕ್ರಾಸ್ ಬಗ್ಗೆ ಯೋಚನೆ ಮಾಡುತ್ತಿದ್ದೆನೇನೋ. ನನ್ನ ಮನಸ್ಸು ಪೂರ್ತಿ ಕ್ಯಾಂಪರ್ ಕಡೆ ವಾಲಿದ್ದು ಡೀಸೆಲ್‌ನಲ್ಲಿ ಸೇರಿದ ನೀರಿನಿಂದ. ತೋಟದವರು ಯಾರೂ ಗಾಡಿ ಕೊಳ್ಳುವಾಗ ಇದನ್ನು ಕೇಳುವುದಿಲ್ಲ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಸ್ಪ್ರಿಂಕ್ಲರ್ ಪಂಪ್‌ಸೆಟ್ಟಿಗೆ ಬ್ಯಾರಲ್‌ನಲ್ಲಿ ಡೀಸೆಲ್ ತಂದಿಡುವುದು ರೂಢಿ. ಹೂವಿನ ನೀರು ಮುಗಿದ ಮೇಲೆ ಒಂದಿಷ್ಟು ಉಳಿಯುತ್ತದೆ. ಪೇಟೆಗೆ ಹೋಗಿ ಬರುವಷ್ಟು ಹೊತ್ತಿಲ್ಲದಾಗ ಅದನ್ನೇ ಗಾಡಿಗೆ ಹಾಕುತ್ತಾರೆ. ಎಲ್ಲಾ ತೋಟದಲ್ಲೂ ನಡೆಯುವುದೇ. ಒಂದು ವರ್ಷ ಮೇ ಕೊನೆಯಲ್ಲಿ ಎರಡೂ ಗಾಡಿಗೆ ಒಂದೇ ಬ್ಯಾರಲ್‌ನ ಡೀಸೆಲ್ ಬಿತ್ತು. ಬ್ಯಾರಲ್ ನಿಂತಿದ್ದು ಪಂಪ್‌ಹೌಸ್ ಹೊರಗೆ. ಮುಚ್ಚಳ ಬಿಗಿಯಾಗೇ ಇತ್ತು.

ಬಿಗಿಯಾಗಿದ್ದರೂ ನೀರು ಒಳಗೆ ಹೋಗುತ್ತದೆ. ಹೇಗೆ ಅಂದರೆ, ಬ್ಯಾರಲ್ ನಿಲ್ಲಿಸಿದಾಗ ಮೇಲಿನ ಅಂಚಿನೊಳಗೆ ಮಳೆ ನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಥ್ರೆಡ್ ಸಂದಿಯಿಂದ ಹೊರಗೆ ಹೋಗುತ್ತದೆ. ಸಂಜೆ ತಣ್ಣಗಾದಾಗ ಬ್ಯಾರಲ್ ಅದೇ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳದ ಮೇಲೆ ನೀರು ನಿಂತಿದ್ದರೆ ಎಳೆಯುವುದು ನೀರನ್ನೇ. ಮೇ ತಿಂಗಳ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಮಧ್ಯಾಹ್ನ ಸುಡು ಬಿಸಿಲು, ಸಂಜೆ ಗುಡುಗು ಮಳೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳದಲ್ಲಿ ಕೂರುತ್ತದೆ. ಬ್ಯಾರಲ್ ಖಾಲಿಯಾಗುತ್ತಾ ಬಂದಾಗ ಕೈ ಪಂಪು ಎಳೆಯುವುದು ಆ ತಳದ್ದನ್ನೇ.

ವಿ-ಕ್ರಾಸ್ ಗೊಬ್ಬರದ ಮೂಟೆ ಹೊತ್ತು ಏರಿನ ಅರ್ಧಕ್ಕೆ ಬಂದಿತ್ತು. ಮೊದಲು ಒಂದೆರಡು ಜರ್ಕ್. ಆಮೇಲೆ ಮೀಟರ್ ಬೋರ್ಡ್‌ನಲ್ಲಿ ದೀಪ ಹತ್ತಿತು, ಎಂಜಿನ್ ತಾನಾಗೇ ಶಕ್ತಿ ಇಳಿಸಿಕೊಂಡಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮೇಲೇಳಲಿಲ್ಲ, ಕೊನೆಗೆ ಆಫ್. ಮೂಟೆಗಳನ್ನು ಇಳಿಸಿ, ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಕೆಳಗೆ ತರಬೇಕಾಯಿತು. ಟ್ಯಾಂಕ್ ಇಳಿಸಿ ತೊಳೆದಾಯ್ತು, ಫಿಲ್ಟರ್ ಬದಲಾಯ್ತು. ಸ್ಟಾರ್ಟ್ ಆಯಿತು, ಆದರೆ ಐಡಲ್‌ನಲ್ಲಿ ಸದ್ದು ಒಂದೇ ಸಮ ಇರಲಿಲ್ಲ. ಕಂಪ್ಯೂಟರ್ ಹಾಕಿ ನೋಡಿದಾಗ ಇಂಜೆಕ್ಟರ್ ಕೆಟ್ಟಿದ್ದು ಗೊತ್ತಾಯಿತು. ಇಂತಹ ಎಂಜಿನ್ನಿನ ಇಂಜೆಕ್ಟರ್ ಒಂದೊಂದಕ್ಕೇ ಹತ್ತಾರು ಸಾವಿರ. ಮೂಡಿಗೆರೆಯಲ್ಲಿ ಸಿಗುವ ಸಾಮಾನಲ್ಲ, ದೂರದಿಂದ ಬರಬೇಕು. ಅಷ್ಟು ದಿನ ಗಾಡಿ ಶೆಡ್‌ನಲ್ಲಿ, ಹೊರಗೆ ಗೊಬ್ಬರ ಹಾಕುವ ಹದ ಮುಗಿಯುತ್ತಾ ಬಂತು.

ಇದರಲ್ಲಿ ಗಾಡಿಯ ತಪ್ಪು ಏನೂ ಇಲ್ಲ. ವಿ-ಕ್ರಾಸ್‌ನದು ಕಾಮನ್ ರೈಲ್ ಎಂಜಿನ್, ಅದು ಯಾವ ಕಂಪನಿಯದ್ದಾದರೂ ಹೀಗೇ. ಅದರಲ್ಲಿ ಡೀಸೆಲ್ ಸಾವಿರಕ್ಕೂ ಜಾಸ್ತಿ ಬಾರ್ ಒತ್ತಡದಲ್ಲಿ ಇಂಜೆಕ್ಟರ್‌ಗೆ ಬರುತ್ತದೆ. ಒಳಗಿನ ಭಾಗಗಳ ನಡುವಿನ ಸಂದಿ ಮೈಕ್ರಾನ್ ಲೆಕ್ಕದ್ದು, ಅದಕ್ಕೆ ಎಣ್ಣೆಯಾಗಿ ಕೆಲಸ ಮಾಡುವುದೂ ಡೀಸೆಲ್ಲೇ. ಅಲ್ಲಿಗೆ ನೀರು ಬಂದರೆ ಜಾರುವುದು ನಿಂತು ಉಜ್ಜಲು ಶುರು, ತುಕ್ಕೂ ಹಿಡಿಯುತ್ತದೆ.

ಅದೇ ಡೀಸೆಲ್‌ಗೆ ಕ್ಯಾಂಪರ್ ಕೂಡ ನಿಂತಿತು. ನಿಲ್ಲಲಿಲ್ಲ ಅಂತ ನಾನು ಹೇಳಲ್ಲ. ನಿಂತಿದ್ದು ಹಳ್ಳದ ಹತ್ತಿರ. ಬಾನೆಟ್ ಎತ್ತಿ, ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ, ಕೆಳಗೆ ಒಂದು ಬಾಟಲಿ ಹಿಡಿದೆ. ಮೊದಲು ಬಂದದ್ದು ನೀರು, ಆಮೇಲೆ ನೀರು ಡೀಸೆಲ್ ಕಲೆತದ್ದು, ಆಮೇಲೆ ಶುದ್ಧ ಡೀಸೆಲ್. ಬಾಟಲಿಯಲ್ಲಿ ಎರಡೂ ಬೇರೆ ಬೇರೆ ಪದರವಾಗಿ ನಿಂತವು. ಸ್ಕ್ರೂ ಬಿಗಿ ಮಾಡಿ, ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈ ಪ್ರೈಮರ್ ಒತ್ತುತ್ತಾ ಹೋದೆ. ಗುಳ್ಳೆ ಬರುವುದು ನಿಂತ ಮೇಲೆ ಏರ್ ಸ್ಕ್ರೂ ಬಿಗಿ ಮಾಡಿ ಸೆಲ್ಫ್ ಹೊಡೆದರೆ ಸ್ಟಾರ್ಟ್. ಒಂದು ಸ್ಪ್ಯಾನರ್ ಬಿಟ್ಟು ಬೇರೇನೂ ಬೇಕಾಗಲಿಲ್ಲ. ಆಮೇಲೆ ಬಿಡುವು ಮಾಡಿಕೊಂಡು ಪಂಪು, ನಾಝಲ್ ಬಿಚ್ಚಿಸಿ ಚೆಕ್ ಮಾಡಿಸಿದೆ. ಕ್ಯಾಲಿಬ್ರೇಶನ್ ಮಾಡುವ ಅಂಗಡಿ ಚಿಕ್ಕಮಗಳೂರಿನಲ್ಲೂ ಇದೆ, ಹಾಸನದಲ್ಲೂ ಇದೆ. ನೀರು ಈ ಎಂಜಿನ್ನಿಗೂ ವಿಷವೇ, ಆದರೆ ಇದು ದಾರಿಯಲ್ಲೇ ಎದ್ದು ಮನೆಗೆ ತಲುಪಿಸಿತು.

ಈಗ ನಮ್ಮಲ್ಲಿ ಬ್ಯಾರಲ್ ಸೂರಿನ ಕೆಳಗೆ ಅಡ್ಡ ಮಲಗಿರುತ್ತದೆ. ಮುಚ್ಚಳವಿರುವ ಕಡೆ ಡೀಸೆಲ್ ಮಟ್ಟಕ್ಕಿಂತ ಕೆಳಗೆ ಇದ್ದರೆ ಗಾಳಿಯನ್ನೂ ಎಳೆಯಲ್ಲ. ನಿಲ್ಲಿಸಲೇಬೇಕಾದರೆ ಒಂದು ಬದಿಗೆ ಕಲ್ಲು ಕೊಟ್ಟು ಓರೆ ಮಾಡಿ, ನೀರು ಮುಚ್ಚಳದ ಹತ್ತಿರ ನಿಲ್ಲದ ಹಾಗೆ. ತಳದ ನಾಲ್ಕು ಬೆರಳಿನಷ್ಟನ್ನು ಗಾಡಿಗೆ ಹಾಕಲೇಬೇಡಿ. ಕಾಮನ್ ರೈಲ್ ಗಾಡಿ ಇದ್ದವರಂತೂ ಬಂಕ್ ಡೀಸೆಲ್ ಬಿಟ್ಟು ಬೇರೆ ಹಾಕಬಾರದು, ಎಷ್ಟೇ ಅವಸರವಿರಲಿ.

ಕ್ಯಾಂಪರ್‌ಗೂ ಒಂದು ಕಿರಿಕಿರಿ ಇದೆ, ಹಳದಿ ಬೋರ್ಡ್. ಅದು ಗೂಡ್ಸ್ ಗಾಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಪೇಂಟು, ರಿಫ್ಲೆಕ್ಟರ್ ಟೇಪು, ಲೈಟು, ಬ್ರೇಕು ಎಲ್ಲಾ ಸರಿ ಮಾಡಿಸಿ ಒಂದು ದಿನ ಆರ್‌ಟಿಓ ಹತ್ತಿರ ಕಳೆಯಬೇಕು. ಒಟ್ಟು ತೂಕ 3000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ ಅನ್ನುವುದೊಂದು ಸಮಾಧಾನ. ವಿ-ಕ್ರಾಸ್ ಬಿಳಿ ಬೋರ್ಡ್, ಹದಿನೈದು ವರ್ಷ ಈ ಓಡಾಟವೇ ಇಲ್ಲ. ಇಲ್ಲಿ ಅದೇ ಗೆದ್ದಿತು. ಆದರೆ ವರ್ಷಕ್ಕೊಂದು ಎಫ್‌ಸಿ ಇರುವುದರಿಂದ ಬ್ರೇಕ್ ಕೆಲಸ ಮುಂದೂಡಲು ಆಗಲ್ಲ, ಘಟ್ಟದಲ್ಲಿ ಓಡಾಡುವವರಿಗೆ ಅದು ಒಳ್ಳೆಯದೇ ಅಲ್ವಾ. ಇನ್ನೊಂದು ಮಾತು. ಆಳುಗಳನ್ನು ಹಿಂದೆ ಬೆಡ್‌ನಲ್ಲಿ ಕೂರಿಸಬೇಡಿ. ಕ್ಯಾಬಿನ್ನಿನಲ್ಲಿ ಎರಡು ಸಾಲು ಸೀಟು ಇರುವುದು ಅದಕ್ಕೇ.

ತುಕ್ಕಿನ ವಿಷಯದಲ್ಲಿ ಎರಡೂ ಒಂದೇ. ಪೊಟ್ಯಾಷ್ ಗೊಬ್ಬರ ಕ್ಲೋರೈಡ್ ಉಪ್ಪು, ಚೀಲ ಹರಿದು ಬೆಡ್‌ನ ಸಂದಿಗೆ ಬಿದ್ದರೆ ಮಳೆ ನೀರಿನ ಜೊತೆ ಕಬ್ಬಿಣವನ್ನು ತಿನ್ನುತ್ತದೆ. ಗೊಬ್ಬರ ಹೊತ್ತ ದಿನವೇ ಬೆಡ್ಡು, ಚಾಸಿ ಎರಡನ್ನೂ ಪೈಪಿನಲ್ಲಿ ತೊಳೆಯಬೇಕು. ನಾನು ತಪ್ಪಿಸುವುದಿಲ್ಲ.

ಕೊಳ್ಳುವಾಗ ನಾನು ಮೊದಲು ನೋಡುವುದೂ ಅಲ್ಲೇ. ಬಾಡಿ ಪೇಂಟ್ ಹೊಳೆಯುವುದನ್ನು ನೋಡಬೇಡಿ. ಬೆಡ್ ಕೆಳಗೆ ನುಗ್ಗಿ, ಹಿಂದಿನ ಪಟ್ಟೆ (ಲೀಫ್ ಸ್ಪ್ರಿಂಗ್) ಕೂರುವ ಜಾಗದಲ್ಲಿ ಚಾಸಿಗೆ ಸ್ಕ್ರೂಡ್ರೈವರ್ ಒತ್ತಿ. ಪದರ ಎದ್ದು ಬಂದರೆ ಅಲ್ಲಿಗೇ ವಾಪಸ್. ಬೆಳಗ್ಗೆ ಹೋಗಿ, ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿ. ಎಂಜಿನ್ ಮುಟ್ಟಿದರೆ ತಣ್ಣಗಿರಬೇಕು. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಹೊಗೆ ಬುಸುಬುಸು ಬಂದರೆ ರಿಂಗು, ಪಿಸ್ಟನ್ ಹೋಗಿದೆ. ಫೋರ್ ವೀಲ್ ಗಾಡಿಯಾದರೆ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸ್ ಆಯಿಲ್ ಪ್ಲಗ್ ಬಿಚ್ಚಿಸಿ. ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹಳ್ಳದ ನೀರು ಒಳಗೆ ಹೋಗಿದೆ ಅಂತ. ನಾನು ನೋಡಿದ ಒಂದು ಕ್ಯಾಂಪರ್ ಹಾಗೇ ಇತ್ತು, ಮಾರುವವರು ಫೋರ್ ವೀಲ್ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದರು. ಲೀವರ್ 4ಎಲ್‌ಗೆ (ಫೋರ್ ವೀಲ್ ಲೋ ಗೇರಿಗೆ) ಬೀಳುತ್ತದೆಯಾ ಅಂತ ಒಣ ನೆಲದಲ್ಲಿ ನೋಡಿದರೆ ಸಾಲದು, ಕೆಸರಿನ ಏರಿಗೆ ಹೋಗಿ ಮುಂದಿನ ಚಕ್ರ ಎಳೆಯುತ್ತದೆಯಾ ನೋಡಿ. ಆರ್‌ಸಿಯಲ್ಲಿ ಸಾಲ ಇದೆಯಾ, ಎಫ್‌ಸಿ ಎಲ್ಲಿಯವರೆಗೆ ಇದೆ ಅನ್ನುವುದನ್ನು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿದರೆ ಆಯಿತು.

ಬೇರೆ ಗಾಡಿಗಳ ಬಗ್ಗೆಯೂ ಕೇಳುತ್ತಾರೆ. ಹಳೇ ಥಾರ್ ಸಿಆರ್‌ಡಿಇ ಏರಿಗೆ ಒಳ್ಳೆಯದು, ಆದರೆ ಮೂಟೆ ಹಾಕಲು ಜಾಗವೇ ಇಲ್ಲ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ನಿಷೇಧ ಬಂದಾಗಿನಿಂದ ಅಲ್ಲಿಯ ದೊಡ್ಡ ಎಸ್‌ಯುವಿಗಳು ಕಡಿಮೆ ಬೆಲೆಗೆ ಇಲ್ಲಿಗೆ ಬರುತ್ತಿವೆ. ಇಲ್ಲಿಯ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ನಂಬರ್ ಬದಲಾಯಿಸುವಷ್ಟರಲ್ಲಿ ಲಾಭ ಉಳಿಯಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿ ತೋಟಕ್ಕೆ ನನಗೆ ಇಷ್ಟವಿಲ್ಲ. ಅದರ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿ ಸುಟ್ಟುಹೋಗಲು ಗಾಡಿ ಒಂದಷ್ಟು ಹೊತ್ತು ಹೈವೇ ವೇಗದಲ್ಲಿ ಓಡಬೇಕು. ದಿನವಿಡೀ ಒಂದನೇ ಗೇರಿನಲ್ಲಿ ತೋಟ ಸುತ್ತುವ ಗಾಡಿಗೆ ಆ ಅವಕಾಶ ಎಲ್ಲಿದೆ?

ಅಣ್ಣನಿಗೆ ವಿ-ಕ್ರಾಸೇ ಸರಿ, ಅದನ್ನೂ ಒಪ್ಪುತ್ತೇನೆ. ಅವನು ಬಂಕ್‌ನಲ್ಲಿ ಡೀಸೆಲ್ ಹಾಕಿಸಿ ಬೆಂಗಳೂರಿನಿಂದ ಮನೆಯವರನ್ನು ಕೂರಿಸಿಕೊಂಡು ಬರುತ್ತಾನೆ. ಇಲ್ಲಿ ಎರಡು ದಿನ ಇದ್ದು ವಾಪಸ್ ಹೋಗುತ್ತಾನೆ. ನಿಮ್ಮ ಓಡಾಟವೂ ಅದೇ ತರಹ ಇದ್ದರೆ, ಕೈಯಲ್ಲಿ ದುಡ್ಡೂ ಇದ್ದರೆ, ಅದನ್ನೇ ತಗೊಳ್ಳಿ. ನಾನು ದಿನಾ ಮೂಟೆ ಹೊರಿಸುತ್ತೇನೆ, ಮೂಡಿಗೆರೆ ದಾಟುವುದೇ ಅಪರೂಪ. ಕ್ಯಾಂಪರ್‌ಗೆ ಕೊಟ್ಟು ಉಳಿದ ದುಡ್ಡಿನಲ್ಲಿ ಕ್ಲಚ್ ಸೆಟ್, ಪಟ್ಟೆ ಬುಷ್, ನಾಲ್ಕು ಹೊಸ ಮಡ್ ಟೈರ್ ಎಲ್ಲಾ ಆಯಿತು. ಏರಿನಲ್ಲಿ ಈಗ ಹೊಗೆ ಸ್ವಲ್ಪ ಜಾಸ್ತಿ ಬರುತ್ತಿದೆ. ಈ ಸಲದ ಎಫ್‌ಸಿಗೆ ಮುಂಚೆ ನಾಝಲ್ ಇಳಿಸಿ ಪ್ರೆಶರ್ ನೋಡಿಸಬೇಕು.