ಹಳೇ ದೂರದರ್ಶನದ ಕ್ಯಾಸೆಟ್ ಇಳಿಸಲು: ಡಾಂಗಲ್, ಸ್ಟುಡಿಯೋ, ಡಿವಿಡಿ ರೆಕಾರ್ಡರ್

ಡಿಸೆಂಬರ್ 31ರ ರಾತ್ರಿಯ ಹೊಸ ವರ್ಷದ ಕಾರ್ಯಕ್ರಮ, ಚಿತ್ರಹಾರ್, ಚಿತ್ರಮಂಜರಿ, ದಸರೆಯ ನೇರ ಪ್ರಸಾರ: ಇವನ್ನೆಲ್ಲ ಟಿವಿಯಿಂದ ರೆಕಾರ್ಡ್ ಮಾಡಿಟ್ಟ ವಿಎಚ್‌ಎಸ್ ಕ್ಯಾಸೆಟ್‌ಗಳು ಮೈಸೂರಿನ ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ಕಂಪ್ಯೂಟರ್‌ಗೆ ಇಳಿಸಿಕೊಳ್ಳಲು ಮೂರು ದಾರಿ ನೋಡಿದ್ದಾಯಿತು. ಗೆದ್ದದ್ದನ್ನು ಮೊದಲೇ ಹೇಳುತ್ತೇನೆ: ಕ್ಯಾಸೆಟ್ ಓಡಿಸುವ ವಿಸಿಆರ್‌ಗೂ, ಅದರ ಚಿತ್ರವನ್ನು ಕಂಪ್ಯೂಟರ್‌ಗೆ ಸೇರಿಸುವ ಪುಟ್ಟ ಯುಎಸ್‌ಬಿ ಡಾಂಗಲ್‌ಗೂ ನಡುವೆ ಒಂದು ಸೆಕೆಂಡ್ ಹ್ಯಾಂಡ್ ಡಿವಿಡಿ ರೆಕಾರ್ಡರ್.

ಡಾಂಗಲ್ ಒಂದನ್ನೇ ಕೊಂಡರೆ ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಹಾಕಿದ ಕೂಡಲೇ ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಅಥವಾ ಉರುಳುತ್ತಿದ್ದರೆ ಗಾಬರಿ ಬೇಡ, ಅದು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ನಿಂತಿರುತ್ತದೆ. ನಮ್ಮ ಟಿವಿ ಪದ್ಧತಿಯಾದ ಪಾಲ್-ಬಿ, 720×576ಕ್ಕೆ ಬದಲಾಯಿಸಿ. ನಿಜವಾದ ತೊಂದರೆ ಆಮೇಲೆ ಶುರುವಾಗುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ತುಟಿ ಮೊದಲು ಆಡುತ್ತದೆ, ಹಾಡು ಆಮೇಲೆ ಕೇಳುತ್ತದೆ.

ಕಾರಣ ಟೇಪಿನಲ್ಲೇ ಇದೆ. ವಿಎಚ್‌ಎಸ್‌ನಿಂದ ಬರುವ ಸಿಗ್ನಲ್‌ನಲ್ಲಿ ಚಿತ್ರದ ಒಂದೊಂದು ಅಡ್ಡಗೆರೆಯೂ ಸರಿಯಾದ ಹೊತ್ತಿಗೆ ಶುರುವಾಗುವುದಿಲ್ಲ, ಸ್ವಲ್ಪ ಆಚೀಚೆ ಜಾರುತ್ತದೆ. ಹಳೇ ಟಿವಿ ಇದನ್ನು ಸಹಿಸಿಕೊಳ್ಳುತ್ತಿತ್ತು. ಡಾಂಗಲ್ ಸಹಿಸುವುದಿಲ್ಲ, ಗುರುತು ಸಿಗದ ಫ್ರೇಮನ್ನು, ಅಂದರೆ ಒಂದು ಇಡೀ ಚಿತ್ರವನ್ನು, ಬಿಟ್ಟೇಬಿಡುತ್ತದೆ. ಧ್ವನಿ ಮಾತ್ರ ನಿಲ್ಲದೆ ಒಳಗೆ ಬರುತ್ತಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮ್ ಹೋದರೆ 40 ಮಿಲಿಸೆಕೆಂಡ್. 25 ಹೋದರೆ ಪೂರ್ತಿ ಒಂದು ಸೆಕೆಂಡ್ ಅಂತರ. ಸಿನಿಮಾ ರೆಕಾರ್ಡ್ ಮಾಡಿದ ಟೇಪಿನಲ್ಲಿ ಇದು ಇಷ್ಟು ಕಾಡುವುದಿಲ್ಲ. ಹಾಡು-ಹಾಸ್ಯದ ಕಾರ್ಯಕ್ರಮಗಳನ್ನು ಮಾತ್ರ ಜನ ಬಿಡಿಬಿಡಿಯಾಗಿ ಹಿಡಿಯುತ್ತಿದ್ದರು: ಹಾಡು ಬಂದಾಗ ರೆಕಾರ್ಡ್, ಜಾಹೀರಾತು ಬಂದಾಗ ಪಾಜ್. ಮಂಡ್ಯದ ಕಡೆಯ ಟೇಪುಗಳಲ್ಲಿ ಕರೆಂಟ್ ಹೋಗಿ ಬಂದ ಜಾಗಗಳೂ ಸೇರಿಕೊಂಡಿವೆ. ಇಂಥ ಪ್ರತಿ ಜೋಡಣೆಯಲ್ಲೂ ಸಿಂಕ್ (ಸಿಗ್ನಲ್‌ನ ತಾಳ) ಒಂದು ಕ್ಷಣ ಮುರಿಯುತ್ತದೆ, ಒಂದಷ್ಟು ಫ್ರೇಮ್ ಉದುರುತ್ತವೆ. ಮೊದಲಲ್ಲೇ ಧ್ವನಿಯನ್ನು ಎಳೆದು ಕೂರಿಸಿದರೂ ಮುಂದಿನ ಜೋಡಣೆ ದಾಟಿದ ಮೇಲೆ ಮತ್ತೆ ತಪ್ಪುತ್ತದೆ. ಒಂದೊಂದು ಜೋಡಣೆಯಲ್ಲೂ ಕತ್ತರಿಸಿ ಸರಿಮಾಡುತ್ತ ಕೂತರೆ ಮೂರು ಗಂಟೆಯ ಇ-180 ಕ್ಯಾಸೆಟ್‌ಗೆ ಎರಡು ಭಾನುವಾರ ಸಾಲದು.

ಡಿವಿಡಿ ರೆಕಾರ್ಡರ್ ಬರುವುದು ಇಲ್ಲಿಗೇ. ಡಿಸ್ಕ್ ಹಾಕುವುದೇ ಬೇಡ. ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರ್ ಅದರ ಹಿಂದಿನ ಎವಿ ಇನ್‌ಗೆ, ಅದರ ಎಸ್-ವಿಡಿಯೋ ಔಟ್ (ಚಿತ್ರ ಮಾತ್ರ) ಮತ್ತು ಧ್ವನಿಯ ಬಿಳಿ, ಕೆಂಪು ಔಟ್ ಡಾಂಗಲ್‌ಗೆ. ಇನ್‌ಪುಟ್ ಎವಿಗೆ ತಿರುಗಿಸಿ ಸುಮ್ಮನೆ ಬಿಟ್ಟರೆ ಆಯಿತು. ಗೆರೆಗಳನ್ನು ತನ್ನ ಮೆಮೊರಿಯಲ್ಲಿ ಸಾಲಾಗಿ ಜೋಡಿಸಿ ಹೊರಗೆ ಕಳಿಸುತ್ತದೆ. ಚಿತ್ರದ ಮೇಲಂಚು ಬಾವುಟದ ಹಾಗೆ ಬಾಗುತ್ತಿದ್ದದ್ದೂ ನೆಟ್ಟಗಾಗುತ್ತದೆ. ಎಲ್ಲ ರೆಕಾರ್ಡರ್‌ಗೂ ಈ ಗುಣ ಇಲ್ಲ. ಪ್ಯಾನಸೋನಿಕ್‌ನ ಇಎಸ್10, ಇಎಸ್15 ಇದಕ್ಕೇ ಹೆಸರಾದವು. 220 ವೋಲ್ಟಿನ ಪಾಲ್ ಮಾದರಿಯನ್ನೇ ತೆಗೆದುಕೊಳ್ಳಿ. ಡಿಸ್ಕ್ ಓದದ, ಟ್ರೇ ಕೆಟ್ಟ ಪೀಸ್ ಆದರೂ ನಡೆಯುತ್ತದೆ, ಅದನ್ನೇ ಹೇಳಿ ಬೆಲೆ ಇಳಿಸಿ. ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಆಫ್ ಮಾಡದಿದ್ದರೆ ಕುಣಿಯುವವರ ಕೈಕಾಲಿನ ಹಿಂದೆ ನೆರಳು ಎಳೆಯುತ್ತದೆ.

ಕಂಪ್ಯೂಟರ್‌ನಲ್ಲಿ ಹಿಡಿಯಲು ವರ್ಚುವಲ್‌ಡಬ್ ಎಂಬ ಸಾಫ್ಟ್‌ವೇರ್, ಗುಣಮಟ್ಟ ಕೆಡದಂತೆ ಕುಗ್ಗಿಸುವ ಹಫಿಯುವ್ ಕೊಡೆಕ್. ಗಂಟೆಗೆ ಸುಮಾರು 30 ಜಿಬಿ ತಿನ್ನುತ್ತದೆ, ಜಾಗ ಮಾಡಿಕೊಳ್ಳಿ. ಮೊದಲು ಜೋಡಣೆ ಹೆಚ್ಚಿರುವ ಹತ್ತು ನಿಮಿಷ ಹಿಡಿದು, ಡ್ರಾಪ್ ಆದ ಫ್ರೇಮ್‌ಗಳ ಲೆಕ್ಕ ನೋಡಿ. ಅದು ಸೊನ್ನೆಯ ಹತ್ತಿರ ನಿಂತರೆ ಮಾತ್ರ ಪೂರ್ತಿ ಟೇಪ್ ಹಾಕಿ. ಅದಕ್ಕೂ ಮುಂಚೆ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ ವಾಪಸ್ ಸುತ್ತಿ, ಮೇಲೆ ಮತ್ತೆ ರೆಕಾರ್ಡ್ ಆಗದಂತೆ ಬೆನ್ನಿನ ರೆಕಾರ್ಡ್ ಟ್ಯಾಬ್ ಮುರಿದುಬಿಡಿ.

ಸ್ಟುಡಿಯೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮದುವೆ ವಿಡಿಯೋ ಮಾಡುವವರಲ್ಲಿ ಮೂರು ಗಂಟೆಯನ್ನು ಒಂದೇ 4.7 ಜಿಬಿ ಡಿವಿಡಿಗೆ ತುಂಬಿ ಕೊಡುವವರೇ ಜಾಸ್ತಿ. ಮಿನುಗುವ ಸೀರೆ, ತಿರುಗುವ ದೀಪ ಬಂದಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕ್ಯಾಸೆಟ್ ಎರಡೋ ಮೂರೋ ಇದ್ದವರಿಗೆ ಸಾಕು.

ನನ್ನ ಹತ್ತಿರ ಕ್ಯಾಸೆಟ್ ಜಾಸ್ತಿ, ನೋಡುವುದು ಪೆನ್‌ಡ್ರೈವ್‌ನಲ್ಲಿ, ಒಂದೊಂದೇ ಹಾಡು ಆರಿಸಿಕೊಂಡು. ಹಾಗಾಗಿ ರೆಕಾರ್ಡರ್‌ಗೆ ಹಾಕಿದ ದುಡ್ಡು ಕೆಲವೇ ಟೇಪಿನಲ್ಲಿ ಹುಟ್ಟಿತು. ಮನೆಯಲ್ಲಿ ಹಿರಿಯರು ಡಿಸ್ಕನ್ನೇ ಹಾಕಿ ನೋಡುವವರಾದರೆ, ಟ್ರೇ ಸರಿಯಿರುವ ರೆಕಾರ್ಡರ್ ಕೊಂಡು ನೇರವಾಗಿ ಎಸ್‌ಪಿ ಮೋಡ್‌ನಲ್ಲಿ ಡಿಸ್ಕಿಗೆ ಎರಡು ಗಂಟೆಯಂತೆ ಹಿಡಿಯಿರಿ. ಕೊನೆಗೆ ಮೆನುವಿನಲ್ಲಿ ಫೈನಲೈಸ್ (ಡಿಸ್ಕನ್ನು ಮುಗಿಸಿ ಮುಚ್ಚುವುದು) ಮಾಡದಿದ್ದರೆ ಬೇರೆ ಪ್ಲೇಯರ್‌ನಲ್ಲಿ ಓಡುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬೆಳ್ಳಗೆ ಪುಡಿ ಕಂಡರೆ ಅದು ಬೂಷ್ಟು, ವಿಸಿಆರ್‌ಗೆ ಹಾಕಲೇಬೇಡಿ. ಗೊತ್ತಿಲ್ಲದೆ ಹಾಕಿಬಿಟ್ಟಿದ್ದರೆ ಷಾಮಿ ಬಟ್ಟೆಗೆ (ಮೆತ್ತನೆಯ ತೊಗಲಿನ ತುಂಡು) ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ವಿಸಿಆರ್ ಒಳಗೆ ಟೇಪ್ ಓದುವ ಹೆಡ್ಡುಗಳಿರುವ ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಕೈಯಿಂದ ನಿಧಾನ ತಿರುಗಿಸಿ. ಬಟ್ಟೆಯನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯೂ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ.