ಸ್ಕೀ ಕೋಲು ಬೇಕಾ, ಬೇಡ್ವಾ? ಏಳು ಚಳಿಗಾಲ ಬಳಸಿದವನ ಮಾತು

ನಾನು ದೊಡ್ಡ ಸ್ಕೀ ಪಟುವೇನೂ ಅಲ್ಲ. ಕೆಲಸಕ್ಕೆಂದು ಮ್ಯೂನಿಕ್‌ಗೆ ಬಂದು, ಮೂವತ್ತೈದು ದಾಟಿದ ಮೇಲೆ ಆಫೀಸಿನವರ ಬೆನ್ನು ಹತ್ತಿ ಕಲಿತವನು. ಬೆಂಗಳೂರಿನಲ್ಲಿ ಬೆಳೆದ ನನಗೆ ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುತ್ತಿದ್ದ ಐಸು, ಅಷ್ಟೇ. 2018ರ ಜನವರಿಯಲ್ಲಿ ಶುರುವಾಯಿತು. ವರ್ಷಕ್ಕೆ ಎಂಟು-ಹತ್ತು ದಿನ, ಹೆಚ್ಚಾಗಿ ಇಲ್ಲಿನ ಗಾರ್ಮಿಶ್ ಮತ್ತು ಆಸ್ಟ್ರಿಯಾದ ಟಿರೋಲ್ ಕಡೆ. 2020-21ರಲ್ಲಿ ಕೊರೊನಾ ಕಾರಣಕ್ಕೆ ಜರ್ಮನಿಯಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳೇ ಓಡಲಿಲ್ಲ. ಅದನ್ನು ಬಿಟ್ಟರೆ ಏಳು ಚಳಿಗಾಲ. ಇಷ್ಟರಲ್ಲಿ ಎರಡು ಜೊತೆ ಕೋಲು ಬಳಸಿದ್ದೇನೆ, ಒಂದಷ್ಟು ದಿನ ಬೇಕಂತಲೇ ಕೋಲಿಲ್ಲದೆಯೂ ಇಳಿದಿದ್ದೇನೆ. ಊರಿಂದ ಬರುವ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ. ಆ ಕೋಲು ನಿಜವಾಗ್ಲೂ ಬೇಕಾ, ಇಲ್ಲ ಸುಮ್ನೆ ಫೋಟೋಗಾ?

ಕೋಲು ಅಂದ ತಕ್ಷಣ ನಮ್ಮ ತಲೆಗೆ ಬರುವುದು ಊರುಗೋಲು. ಬೀಳುವಾಗ ಊರಿ ನಿಲ್ಲಬಹುದು, ಜಾಸ್ತಿ ಜಾರಿದರೆ ನೆಲಕ್ಕೆ ಚುಚ್ಚಿ ನಿಲ್ಲಿಸಬಹುದು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ದಿನ ಬಾಡಿಗೆ ಅಂಗಡಿಯವರು 125 ಸೆಂಟಿಮೀಟರಿನ ಕೋಲು ಕೊಟ್ಟರು. ನನ್ನ ಎತ್ತರ 168. ಅದು ಉದ್ದವೋ ಗಿಡ್ಡವೋ ಅಂತ ಕೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ, ಅಳೆಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಗಾರ್ಮಿಶ್‌ನ ಹೌಸ್‌ಬೆರ್ಗ್ ಬೆಟ್ಟದಲ್ಲಿ ಕಲಿಯುವವರ ಇಳಿಜಾರಿನಲ್ಲಿ ಇಡೀ ಬೆಳಗ್ಗೆ ಎರಡೂ ಕೋಲನ್ನು ಮುಂದೆ ಚುಚ್ಚಿ ವೇಗ ತಡೆಯಲು ನೋಡಿದೆ. ಕೋಲು ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಹಿಡಿಕೆ ಬಂದು ಹೊಟ್ಟೆಗೆ ಬಡಿಯಿತು. ಉದ್ದದ ಕೋಲಾದ್ದರಿಂದ ಹೆಗಲು ಕಿವಿಯವರೆಗೆ ಏರಿತ್ತು, ಮೈಭಾರವೆಲ್ಲ ಹಿಮ್ಮಡಿಗೆ ಹೋಗಿತ್ತು. ಭಾರ ಹಿಂದೆ ಹೋದರೆ ಸ್ಕೀ ನಮ್ಮ ಮಾತು ಕೇಳುವುದಿಲ್ಲ.

ಮಧ್ಯಾಹ್ನ ಕಲಿಸುವವರು ಬಂದು ಮೊದಲು ಮಾಡಿದ ಕೆಲಸ, ನಮ್ಮೆಲ್ಲರ ಕೋಲು ಕಿತ್ತುಕೊಂಡು ಬೇಲಿಗೆ ಒರಗಿಸಿದ್ದು. ಪಕ್ಕದಲ್ಲಿ ನಾಲ್ಕೈದು ವರ್ಷದ ಮಕ್ಕಳು ಕೋಲಿಲ್ಲದೆ, ಸ್ಕೀ ಮುಂದಿನ ತುದಿ ಕೂಡಿಸಿ ಹಿಂದೆ ಅಗಲಿಸಿ, ಸರಾಗವಾಗಿ ಇಳಿಯುತ್ತಿದ್ದರು. ಇಲ್ಲಿನ ಮಕ್ಕಳಿಗೆ ಅದು ಪಿತ್ಸಾ. ಎರಡೂ ಸ್ಕೀ ನೇರ ಇಟ್ಟರೆ ಪೊಮ್ಮೆಸ್, ಅಂದರೆ ಫ್ರೆಂಚ್ ಫ್ರೈಸ್. ನಿಲ್ಲಿಸುವುದು ಪಿತ್ಸಾ, ಕೋಲಲ್ಲ. ಕೈಯಲ್ಲಿ ಕೋಲು ಇಲ್ಲದಿದ್ದಾಗಲೇ ನನ್ನ ಗಮನ ಕಾಲಿಗೆ ಹೋಯಿತು. ಅರ್ಧ ಗಂಟೆಯಲ್ಲಿ ನಾನೂ ನಿಂತೆ.

ಹಾಗಾಗಿ ಹೊಸಬರಿಗೆ ನನ್ನ ಉತ್ತರ ಗಟ್ಟಿ: ಮೊದಲ ಮೂರು ದಿನ ಬೇಡ. ಬಾಡಿಗೆಯಲ್ಲಿ ಸೇರಿದ್ದರೂ ಬೇಡ.

ಹಾಗಾದರೆ ನಾನೇಕೆ ದುಡ್ಡು ಕೊಟ್ಟು ಕೊಂಡೆ? ನಾಲ್ಕನೇ ದಿನ ಸಮತಟ್ಟಾದ ದಾರಿ ಸಿಕ್ಕಿತು. ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಹೋಗುವ ಇಂಥ ಚಪ್ಪಟೆ ದಾರಿಗೆ ಇಲ್ಲಿ ತ್ಸೀವೆಗ್ ಅನ್ನುತ್ತಾರೆ. ಅಲ್ಲಿ ಕೋಲಿದ್ದವರು ದೋಣಿಗೆ ಹುಟ್ಟು ಹಾಕಿದಂತೆ ಎರಡೂ ಕೈಯಿಂದ ತಳ್ಳಿಕೊಂಡು ಹೋದರು. ನಾನು ಬಾತುಕೋಳಿಯಂತೆ ಕಾಲು ಅಗಲಿಸಿ ನಡೆದೆ, ಬೂಟಿನೊಳಗೆ ಬೆವರು.

ಏಳು ವರ್ಷದ ಲೆಕ್ಕ ಹಾಕಿದರೆ, ನನ್ನ ಕೋಲುಗಳು ಜಾಸ್ತಿ ದುಡಿದಿರುವುದು ಸ್ಕೀ ಮಾಡದಿರುವಾಗಲೇ! ಲಿಫ್ಟಿನ ಸಾಲಿನಲ್ಲಿ ಅಂಗುಲ ಅಂಗುಲ ಮುಂದೆ ಸರಿಯಲು. ಬೂಟಿನ ಅಡಿಗೆ ಅಂಟಿದ ಹಿಮ ಕೆರೆಯಲು (ಅದನ್ನು ಕೆರೆಯದಿದ್ದರೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಕಚ್ಚಿಕೊಳ್ಳುವುದೇ ಇಲ್ಲ). ಬಗ್ಗದೆ ಬೈಂಡಿಂಗಿನ ಹಿಂಭಾಗ ಒತ್ತಿ ಸ್ಕೀ ಬಿಚ್ಚಲು. ಬಿದ್ದ ಮೇಲೆ ಏಳಲು. ಒಂದೇ ಹಲಗೆಯ ಮೇಲೆ ಕೋಲಿಲ್ಲದೆ ಜಾರುವ ಸ್ನೋಬೋರ್ಡ್ ಹುಡುಗರು ತ್ಸೀವೆಗ್‌ನಲ್ಲಿ ಸಿಕ್ಕಿಕೊಂಡು ದೀನವಾಗಿ ನೋಡುವಾಗ ಕೋಲಿನ ತುದಿ ಚಾಚಿ ಎಳೆದುಕೊಂಡು ಹೋಗಲು.

ಇಳಿಯುವಾಗ ಅದರ ಕೆಲಸ ಏನು ಅಂತ ಅರ್ಥವಾಗಲು ನನಗೆ ಎರಡು ಚಳಿಗಾಲ ಬೇಕಾಯಿತು. ಎಡಕ್ಕೆ ತಿರುಗಬೇಕಾದರೆ ಎಡಗೈ ಕೋಲು, ಬಲಕ್ಕಾದರೆ ಬಲಗೈ. ತಿರುವು ಶುರುವಾಗುವ ಕ್ಷಣಕ್ಕೆ ಇಳಿಜಾರಿನ ಕಡೆ ಹಿಮವನ್ನು ಹಗುರವಾಗಿ ಮುಟ್ಟಿಸಬೇಕು. ಚುಚ್ಚುವುದಲ್ಲ, ಮುಟ್ಟಿಸುವುದು. ಕೋಲಾಟ ಆಡಿದವರಿಗೆ ಇದು ಬೇಗ ತಿಳಿಯುತ್ತದೆ. ಅನುಭವ ಇಲ್ಲದವರು ಇಡೀ ತೋಳು ಬೀಸಿ ಕೋಲು ಬಡಿಯುತ್ತಾರೆ, ಎರಡು ಹಾಡಿಗೇ ಸುಸ್ತು. ಪಳಗಿದವರ ಮಣಿಕಟ್ಟು ಮಾತ್ರ ಆಡುತ್ತದೆ, ತೋಳು ಇದ್ದಲ್ಲೇ ಇರುತ್ತದೆ. ಇಲ್ಲೂ ಅಷ್ಟೇ. ಮಣಿಕಟ್ಟಿನ ಒಂದು ಚಿಟಿಕೆ ಆಟ, ಟಕ್, ಅಷ್ಟರಲ್ಲಿ ತಿರುವು ಶುರು. ತಾಳ ಸಿಕ್ಕ ಮೇಲೆ ತಿರುವುಗಳು ಒಂದರ ಹಿಂದೆ ಒಂದು ತಾವಾಗಿ ಬರುತ್ತವೆ.

ಇನ್ನೊಂದು ಉಪಕಾರ ಕಣ್ಣಿಗೆ ಕಾಣುವುದಿಲ್ಲ. ಕೋಲು ಹಿಡಿದರೆ ಕೈ ಮುಂದೆ ಇರಲೇಬೇಕು. ಕೈ ಮುಂದಿದ್ದರೆ ಮೈಭಾರವೂ ಮುಂದೆ. ಕಲಿಸುವವರು ದಿನವಿಡೀ ಕೂಗುತ್ತಿದ್ದುದು ಅದನ್ನೇ, 'ಕೈ ಮುಂದೆ, ಕೈ ಮುಂದೆ!' ಒಂದು ಅಭ್ಯಾಸ ಮಾಡಿಸುತ್ತಿದ್ದರು: ಎರಡೂ ಕೋಲನ್ನು ಅಡ್ಡಲಾಗಿ, ಟ್ರೇ ಹಿಡಿದಂತೆ ಹಿಡಿದು ಇಳಿಯುವುದು. ಉಳಿದವರಿಗೆ ಕಷ್ಟವಾಯಿತು, ನನಗಾಗಲಿಲ್ಲ. ದರ್ಶಿನಿಯಲ್ಲಿ ಒಂದು ಕೈಯಲ್ಲಿ ದೋಸೆ ತಟ್ಟೆ, ಇನ್ನೊಂದರಲ್ಲಿ ಕಾಫಿ ಹಿಡಿದು, ಜನರ ನಡುವೆ ತೂರಿ ಖಾಲಿ ಟೇಬಲ್ ಹುಡುಕಿದ ಅನುಭವ ಕೈಕೊಡಲಿಲ್ಲ.

ಈಗ ಕೆಟ್ಟ ಸುದ್ದಿ. ಮೂರನೇ ಚಳಿಗಾಲದಲ್ಲಿ, ಏನೂ ಕಷ್ಟವಿಲ್ಲದ ಒಂದು ನೀಲಿ ಇಳಿಜಾರಿನಲ್ಲಿ (ಇಲ್ಲಿ ಇಳಿಜಾರಿಗೆ ಬಣ್ಣದ ಗುರುತು, ನೀಲಿ ಸುಲಭ, ಕೆಂಪು ಮಧ್ಯಮ), ಸಂಜೆ ದಣಿದ ಕಾಲಿನಲ್ಲಿ ಬಿದ್ದೆ. ಕೋಲಿನ ಹಿಡಿಕೆಯ ಪಟ್ಟಿ ಮಣಿಕಟ್ಟಿಗೆ ಹಾಕಿಕೊಂಡಿದ್ದೆ. ನೆಲಕ್ಕೆ ಕೈ ಊರಿದಾಗ ಕೋಲಿನ ಹಿಡಿಕೆ ಅಂಗೈಯಲ್ಲೇ ಇತ್ತು, ಹೆಬ್ಬೆರಳು ಹೊರಕ್ಕೆ ಮಡಚಿತು. ಹೆಬ್ಬೆರಳಿನ ಬುಡದ ಒಳಬದಿಯ ಲಿಗಮೆಂಟ್ ಅರೆಬರೆ ಹರಿದಿತ್ತು. ಇದು ಎಷ್ಟು ಮಾಮೂಲು ಅಂದರೆ ಜರ್ಮನ್ನರು ಇದಕ್ಕೆ ಸ್ಕೀಡೌಮನ್, ಸ್ಕೀ ಹೆಬ್ಬೆರಳು, ಅಂತ ಹೆಸರೇ ಇಟ್ಟಿದ್ದಾರೆ. ಐದು ವಾರ ಸ್ಪ್ಲಿಂಟ್. ನೋವಿಗಿಂತ ಹೆಚ್ಚು ಕಾಡಿದ್ದು ಊಟ. ತುತ್ತು ಬಾಯಿಗೆ ತಳ್ಳುವುದು ಹೆಬ್ಬೆರಳೇ ಅಂತ ನಮಗೆ ಅಲ್ಲಿಯವರೆಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಐದು ವಾರ ಅನ್ನ ಸಾರನ್ನು ಎಡಗೈಯಲ್ಲಿ ಚಮಚ ಹಿಡಿದು ತಿಂದೆ. ಮೊಸರಿನ ಡಬ್ಬದ ಮುಚ್ಚಳ ತೆಗೆಯಲೂ ಹೆಂಡತಿಯನ್ನು ಕರೆಯಬೇಕಿತ್ತು.

ಅಂದಿನಿಂದ ನಾನು ಪಟ್ಟಿ ಹಾಕುವುದಿಲ್ಲ. ಬಿದ್ದರೆ ಕೋಲು ಬಿಟ್ಟುಬಿಡುತ್ತೇನೆ. ಇದರ ತೊಂದರೆಯೂ ಹೇಳಬೇಕು: ಬಿದ್ದ ಮೇಲೆ ಕೋಲು ಹದಿನೈದು ಮೀಟರ್ ಮೇಲೆ ಉಳಿದಿರುತ್ತದೆ. ಅಡ್ಡಡ್ಡ ಹೆಜ್ಜೆ ಹಾಕಿ ಹತ್ತಬೇಕು, ಇಲ್ಲವೇ ಮೇಲಿಂದ ಬರುವ ಪುಣ್ಯಾತ್ಮರು ತಂದುಕೊಡಬೇಕು. ಹೆಂಡತಿ ಲೆಕಿ ಕಂಪನಿಯ ಟ್ರಿಗರ್ ಕೋಲು ಬಳಸುತ್ತಾಳೆ. ಗ್ಲೌಸಿನ ಕುಣಿಕೆ ಹಿಡಿಕೆಗೆ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಎಳೆತ ಬಿದ್ದರೆ ತಾನೇ ಬಿಡುತ್ತದೆ. ಚೆನ್ನಾಗಿದೆ, ಆದರೆ ಅದಕ್ಕೆ ಹೊಂದುವ ಗ್ಲೌಸೇ ಬೇಕು. ಪಟ್ಟಿ ಹಾಕುವವರು ಸರಿಯಾಗಿ ಹಾಕಿ: ಕೆಳಗಿನಿಂದ ಕೈ ತೂರಿಸಿ, ಪಟ್ಟಿಯನ್ನೂ ಹಿಡಿಕೆಯನ್ನೂ ಒಟ್ಟಿಗೆ ಹಿಡಿಯಬೇಕು. ಲಿಫ್ಟ್ ಹತ್ತುವ ಮುಂಚೆ ತೆಗೆಯಲೇಬೇಕು, ಎಲ್ಲಾದರೂ ಸಿಕ್ಕಿಕೊಂಡರೆ ಕೈಯೂ ಜೊತೆಗೆ ಹೋಗುತ್ತದೆ. ಮರಗಳ ನಡುವೆ, ಹಿಮಕುಸಿತದ ಭಯ ಇರುವ ಕಡೆ ಪಟ್ಟಿ ಹಾಕುವ ಮಾತೇ ಬೇಡ.

ಹೆಬ್ಬೆರಳಿನ ಭಯಕ್ಕೆ ಮುಂದೆ ಲಿಫ್ಟ್ ಶುರುವಾದ ಚಳಿಗಾಲದ ಮೊದಲ ಆರು ದಿನ ಕೋಲು ಮನೆಯಲ್ಲೇ ಬಿಟ್ಟೆ. ಕೋಲಿಲ್ಲದೆ ಆಗುತ್ತದಾ? ಆಗುತ್ತದೆ, ಚೆನ್ನಾಗೇ ಆಗುತ್ತದೆ. ಬೆಳಗ್ಗೆ ಯಂತ್ರದಲ್ಲಿ ಬಾಚಿದ ನುಣುಪು ಹಿಮದ ಮೇಲೆ ನೀಲಿ, ಸುಲಭದ ಕೆಂಪು ಇಳಿಜಾರುಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಪಾದದ ಮೇಲಿನ ಹಿಡಿತ ಉತ್ತಮವಾಯಿತು ಅಂತಲೇ ಹೇಳಬೇಕು. ಆದರೆ ಕಡಿದಾದ ಕಡೆ ಕೈಗೆ ಕೆಲಸವಿಲ್ಲದೆ ಎದೆಯೂ ಸ್ಕೀ ಜೊತೆಗೇ ತಿರುಗತೊಡಗಿತು. ಮಧ್ಯಾಹ್ನದ ಮೇಲೆ ಹಿಮ ಗುಡ್ಡೆ ಗುಡ್ಡೆಯಾದಾಗ ಎಲ್ಲಿ ತಿರುಗಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ಗುಡ್ಡೆಯ ನೆತ್ತಿ ಮುಟ್ಟುವ ಆ ಟಕ್ ಇಲ್ಲದೆ ತಾಳ ತಪ್ಪಿದ ಹಾಡಿನಂತಾಯಿತು. ತ್ಸೀವೆಗ್‌ನಲ್ಲಿ ಹೆಂಡತಿ ತನ್ನ ಕೋಲು ಚಾಚಿ ನನ್ನನ್ನು ಎಳೆದಳು, ಮೂಗುದಾರ ಹಾಕಿದ ಎತ್ತಿನಂತೆ ಹಿಂದೆ ಹೋದೆ. ಆ ಫೋಟೋ ಈಗಲೂ ಮನೆಯ ವಾಟ್ಸಾಪ್ ಗುಂಪಿನಲ್ಲಿದೆ. ಏಳನೇ ದಿನ ಕೋಲು ಜೊತೆಗೆ ಬಂತು.

ಜಿಗಿದು ತಲೆಕೆಳಗಾಗುವ ಫ್ರೀಸ್ಟೈಲ್ ಹುಡುಗರಲ್ಲಿ ಕೆಲವರು ಕೋಲೇ ಹಿಡಿಯುವುದಿಲ್ಲ. ಸಮತಟ್ಟಿನಲ್ಲಿ ಸಾಗುವ ಕ್ರಾಸ್‌ಕಂಟ್ರಿ ಸ್ಕೀಯವರಿಗೆ ಕೋಲಿಲ್ಲದೆ ಹೆಚ್ಚು ದೂರ ಸಾಗದು. ಹಳೆಯ ಕಾಲದಲ್ಲಿ ಒಂದೇ ಕೋಲಿತ್ತು. ಆಲ್ಪ್ಸ್‌ನಲ್ಲಿ ಇಳಿಜಾರಿನ ಸ್ಕೀಯಿಂಗ್ ಬೆಳೆಸಿದವರಲ್ಲಿ ಒಬ್ಬರಾದ ಆಸ್ಟ್ರಿಯಾದ ಮಥಿಯಾಸ್ ಝ್ದಾರ್ಸ್ಕಿ ಕಲಿಸಿದ್ದು ಒಂದು ಉದ್ದನೆಯ ಕೋಲು ಹಿಡಿದು ಇಳಿಯುವುದನ್ನು. ಅಂದರೆ ಎರಡು ಕೋಲು ಇರಲೇಬೇಕು ಅಂತ ಶಾಸ್ತ್ರವೇನೂ ಇಲ್ಲ.

ಇನ್ನು ವಸ್ತುವಿನ ಮಾತು. ಮೊದಲ ಜೊತೆ ಅಲ್ಯೂಮಿನಿಯಂ, 115 ಸೆಂಟಿಮೀಟರ್, ನವೆಂಬರಿನ ಸ್ಕೀ ಬಜಾರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು, 15 ಯೂರೋ. ಮೇಲೆ ದಪ್ಪ, ಕೆಳಗೆ ಸಣ್ಣ ಆಗುತ್ತಾ ಹೋಗುವ ಈ ಅಲ್ಯೂಮಿನಿಯಂ ಕೋಲನ್ನು 1958ರಲ್ಲಿ ತಂದದ್ದು ಅಮೆರಿಕದ ಸನ್ ವ್ಯಾಲಿಯ ಎಡ್ ಸ್ಕಾಟ್. ಅದಕ್ಕೂ ಮುಂಚೆ ಬಿದಿರು, ಉಕ್ಕು. ಎರಡನೇ ಜೊತೆ ಕಾರ್ಬನ್, ಹುಟ್ಟುಹಬ್ಬಕ್ಕೆ ಬಂದ ಉಡುಗೊರೆ. ಹಗುರ, ಮಣಿಕಟ್ಟಿಗೆ ಹಿತ, ನೋಡಲೂ ಚೆಂದ. ಬ್ರ್ಯಾಂಡ್ ಹೆಸರು ಬೇಡ, ತಪ್ಪು ಅದರದ್ದಲ್ಲ. ಲಿಫ್ಟ್ ಸಾಲಿನಲ್ಲಿ ಯಾರದೋ ಸ್ಕೀ ಅಂಚು ತಗುಲಿ ಒಂದು ಗೀರು ಬಿತ್ತು, ಉಗುರಿನಷ್ಟು. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರು ವಾರದ ನಂತರ ಬಿದ್ದವನು ಎದ್ದು ನಿಲ್ಲಲು ಊರಿದಾಗ ಅದೇ ಗೀರಿನಲ್ಲಿ ಕಟ್ ಅಂತ ಮುರಿಯಿತು. ಕಾರ್ಬನ್ ಬಾಗುವುದಿಲ್ಲ, ಮುರಿಯುತ್ತದೆ. ಅಲ್ಯೂಮಿನಿಯಂ ಬಾಗುತ್ತದೆ, ಮುರಿಯುವುದು ಕಡಿಮೆ. ನನ್ನದೊಂದು ಬಾಗಿ ಮೂರು ವರ್ಷವಾಯಿತು. ನೆಟ್ಟಗೆ ಮಾಡಲು ಹೋದರೆ ಅದೇ ಜಾಗದಲ್ಲಿ ಸೋಲುತ್ತದೆ ಅಂತ ಹಾಗೇ ಬಿಟ್ಟಿದ್ದೇನೆ. ಡೌನ್‌ಹಿಲ್ ರೇಸಿನವರು ಗಾಳಿಗೆ ಅಡ್ಡ ಬಾರದಿರಲಿ ಅಂತ ಬೇಕಂತಲೇ ಬಾಗಿದ ಕೋಲು ಹಿಡಿಯುತ್ತಾರೆ. ಯಾರಾದರೂ ನಕ್ಕರೆ ನನ್ನದೂ ರೇಸ್ ಕೋಲು ಅನ್ನುತ್ತೇನೆ.

ಅಳತೆ ಮಾತ್ರ ಬಿಡಬೇಡಿ. ಕೋಲನ್ನು ತಲೆಕೆಳಗು ಮಾಡಿ, ತುದಿಯ ಪ್ಲಾಸ್ಟಿಕ್ ಬಿಲ್ಲೆಯ ಕೆಳಗೆ ಹಿಡಿಯಿರಿ. ಮೊಣಕೈ ಲಂಬಕೋನದಲ್ಲಿದ್ದರೆ ಸರಿ. ಮುಷ್ಟಿ ಮೊಣಕೈಗಿಂತ ಮೇಲೆ ಹೋದರೆ ಉದ್ದವಾಯಿತು. ಅಂಗಡಿಯಲ್ಲಿ ನಾಚಿಕೆಯಾದರೆ ಎತ್ತರವನ್ನು 0.7ರಿಂದ ಗುಣಿಸಿ. ನನಗೆ 117.6 ಬಂತು. ಕೋಲುಗಳು ಸಾಮಾನ್ಯವಾಗಿ ಐದೈದು ಸೆಂಟಿಮೀಟರಿನ ಅಂತರದಲ್ಲಿ ಸಿಗುತ್ತವೆ, ನಾನು ಕಡಿಮೆಯದ್ದನ್ನೇ ಆರಿಸಿದೆ. ಕಾಶ್ಮೀರದ ಗುಲ್ಮರ್ಗ್ ಕಡೆ ಹೋಗಿ, ಗೊಂಡೊಲಾ ಅನ್ನುವ ಕೇಬಲ್ ಕಾರಿನಲ್ಲಿ ಅಫರ್ವತ್ ಬೆಟ್ಟ ಹತ್ತಿ ಬಾಚದ ಹಿಮದಲ್ಲಿ ಇಳಿಯುವ ಆಸೆ ಇದ್ದವರು ಅಗಲದ ಬಿಲ್ಲೆ ಹಾಕಿಸಿಕೊಳ್ಳಿ. ಸಣ್ಣ ಬಿಲ್ಲೆಯಾದರೆ ಮೆತ್ತಗಿನ ಹಿಮದಲ್ಲಿ ಕೋಲು ಮೊಣಕೈವರೆಗೆ ಮುಳುಗುತ್ತದೆ, ಊರಿ ಏಳುವುದು ಕನಸೇ.

15 ಯೂರೋ ಕೋಲಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿತ ಆ ಪಟ್ಟಿಗೆ. ಕಾರ್ಬನ್‌ಗೆ ಮೂರು. ಮುರಿಯದೆ ಉಳಿದ ಒಂಟಿ ಕಾರ್ಬನ್ ಕೋಲು ಬಾಲ್ಕನಿಯ ಕುಂಡದಲ್ಲಿದೆ, ಊರಿಂದ ತಂದ ಅವರೆ ಬೀಜದ ಬಳ್ಳಿ ಅದಕ್ಕೆ ಹಬ್ಬಿದೆ.